ಹವಾಖೋರಿಯ ಮೈಲುಗಳು

ಸೈಕಲ್ ಇಟ್ಟುಕೊಂಡ ಮನುಷ್ಯ ಎಷ್ಟೇ ಸತ್ಯವಂತನಿರಲಿ, ಎಷ್ಟು ದೂರ ಹೋಗಿ ಬಂದಿರಿ ಎಂದು ಯಾರಾದರೂ ಕೇಳಿದಾಗ ಅವನ ನಾಲಿಗೆ ಕಾಲಿಗಿಂತ ಮುಂದೆ ಓಡುತ್ತದೆ. ಅದು ಬೇಕೆಂದೇ ಹೇಳುವ ಸುಳ್ಳು ಎಂದು ನನಗೆ ಇವತ್ತಿಗೂ ಅನಿಸುವುದಿಲ್ಲ. ಎದುರುಗಾಳಿಯಲ್ಲಿ ಒಂದು ಮೈಲು ತುಳಿದು ನೋಡಿ. ತೊಡೆಗಳು ಅದನ್ನು ಮೂರು ಮೈಲು ಎಂದೇ ಎಣಿಸಿರುತ್ತವೆ. ತುಳಿದವು ಅವು, ಅವುಗಳ ಲೆಕ್ಕವನ್ನು ಅಲ್ಲಗಳೆಯಲು ನಾನ್ಯಾರು?

ಆಗ ನಾನು ಆಳಂದದ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ. ನಿಜಾಮರ ಮೊಗಲಾಯಿ ಕಾಲ. ಶಾಲೆಯಲ್ಲಿ ಉರ್ದು, ಮನೆಯಲ್ಲಿ ಕನ್ನಡ, ಮೈಮೇಲೆ ಕರಿಯ ಶೇರವಾನಿ. ವರ್ಗವಾಗಿ ಹೋದ ಪೊಲೀಸ್ ಅಮೀನರೊಬ್ಬರ ಸೈಕಲ್ಲು ನನ್ನ ಪಾಲಿಗೆ ಬಂದಿತ್ತು. ಕೆಲಸವಿಲ್ಲದೆ ಬರೀ ಖುಷಿಗಾಗಿ ಸೈಕಲ್ ಹೊಡೆಯುವವರು ಊರಲ್ಲಿ ನಾವಿಬ್ಬರೇ. ನಾನು ಮತ್ತು ಪಕ್ಕದ ಮನೆಯ ವಕೀಲ ಗುರುಪಾದಪ್ಪನವರು. ದಿನಾ ಸಂಜೆ ಹವಾಖೋರಿಗೆಂದು, ಗಾಳಿ ಸೇವನೆಗೆ, ಹೊರಡುತ್ತಿದ್ದೆವು. ಊರ ಹೊರಗಿನ ಬಾವಿಯನ್ನು ದಾಟಿದರೆ ಒಂದು ಹುಣಸೆ ಮರ. ಅಲ್ಲಿ ಸೈಕಲ್ಲುಗಳನ್ನು ಒರಗಿಸಿ, ಬೆವರು ಆರುವವರೆಗೆ ಕೂತು, ಕೋರ್ಟಿನ ಸುದ್ದಿಯನ್ನೂ ಶಾಲೆಯ ಸುದ್ದಿಯನ್ನೂ ಮುಗಿಸಿ, ಕತ್ತಲಾಗುವ ಮೊದಲು ಮರಳುತ್ತಿದ್ದೆವು. ಮೊದಲ ತಿಂಗಳು ಅದು ನಾಲ್ಕು ಮೈಲು ಇತ್ತು. ಮಳೆಗಾಲ ಬರುವ ಹೊತ್ತಿಗೆ ಹತ್ತು ಮೈಲು ಆಗಿತ್ತು. ಮರ ಮಾತ್ರ ಅಲ್ಲೇ ಇತ್ತು. ವೇಗದ ಮಾತು ಬಂದರೆ ವಕೀಲರು ತಾಸಿಗೆ ಹನ್ನೆರಡು ಎನ್ನುತ್ತಿದ್ದರು; ನಾನು ಸಂಕೋಚದ ಮನುಷ್ಯ, ಹತ್ತು ಎನ್ನುತ್ತಿದ್ದೆ. ನನ್ನ ಹೆಂಡತಿ ಮಹಾದೇವಿ ಊಟಕ್ಕೆ ಬಡಿಸುತ್ತಾ ಇದನ್ನೆಲ್ಲ ಕೇಳಿಸಿಕೊಂಡು, ಪಾಪ ದಣಿದಿದ್ದಾರೆ ಎಂದು ಇನ್ನೊಂದು ಚಮಚ ತುಪ್ಪ ಹಾಕುತ್ತಿದ್ದಳು. ಹೀಗಾಗಿ ಸೈಕಲ್ ಬಂದ ಮೇಲೆ ನನ್ನ ಹೊಟ್ಟೆ ಬೆಳೆದದ್ದೇ ಹೊರತು ಇಳಿಯಲಿಲ್ಲ.

ಇಷ್ಟರಲ್ಲೇ ಕಾಲ ಕಳೆದುಹೋಗಿದ್ದರೆ ಚೆನ್ನಾಗಿತ್ತು. ಆದರೆ ಒಂದು ಬೆಳಿಗ್ಗೆ, ನಾನು ಶೇರವಾನಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ, ಹೆಂಡತಿಯ ತವರೂರು ನರೋಣಾದಿಂದ ಅವಳ ಅಣ್ಣ ಶರಣಪ್ಪ ದಮಣಿ ಬಂಡಿ ಕಟ್ಟಿಕೊಂಡು ಬಂದ. ಎತ್ತುಗಳ ಬಾಯಲ್ಲಿ ನೊರೆ ಇತ್ತು. ಮಹಾದೇವಿಯ ತಂಗಿ ನೀಲಮ್ಮ ಚೊಚ್ಚಲ ಬಸುರಿ, ಹೆರಿಗೆಗೆಂದು ತವರಿಗೆ ಬಂದವಳು. ಹಿಂದಿನ ದಿನದಿಂದ ಬೇನೆ ತಿನ್ನುತ್ತಿದ್ದಾಳೆ, ಕೂಸು ಬರುತ್ತಿಲ್ಲ, ದವಾಖಾನೆಯ ನರ್ಸಬಾಯಿಯನ್ನು ಕರೆದೊಯ್ಯಬೇಕು ಎಂದ.

ಮೂವರೂ ದವಾಖಾನೆಗೆ ಓಡಿದೆವು. ನರ್ಸಬಾಯಿ ಸೋಲಾಪುರದ ಕಡೆಯವರು, ಬೇಗ ಬೇಗ ಮಾತಾಡುವ ಗಟ್ಟಿ ಹೆಂಗಸು. ಒಳಗೆ ಅವರ ಕೈಯಲ್ಲೂ ಬೇನೆ ತಿನ್ನುತ್ತಿದ್ದ ಒಬ್ಬಳು ಇದ್ದಳು. ಅವಳನ್ನು ಒಂದು ನೆಲೆಗೆ ತಂದು ಹೊರಡುತ್ತೇನೆ, ಅಷ್ಟರಲ್ಲಿ ಎತ್ತುಗಳಿಗೆ ನೀರು ಕುಡಿಸಿ ಎಂದರು. ಒಳಗೆ ಹೋಗುತ್ತಿದ್ದವರು ತಿರುಗಿ, ಅಲ್ಲಿ ಈಗ ಏನು ಮಾಡುತ್ತಿದ್ದಾರೆ ಎಂದು ಕೇಳಿದರು. ಸೂಲಗಿತ್ತಿ ಭೀಮವ್ವ ನಸುಕಿನಿಂದ ಹೊಟ್ಟೆ ಒತ್ತುತ್ತಿದ್ದಾಳೆ, ಅವಳಿಗೆ ಸಾಕಾದಾಗ ಇನ್ನೊಬ್ಬಳು ಒತ್ತುತ್ತಾಳೆ ಎಂದ ಶರಣಪ್ಪ. ನರ್ಸಬಾಯಿ ಹೊಸ್ತಿಲಿನಿಂದ ಮರಳಿ ಬಂದರು.

"ಮೊದಲ ಅದನ್ನ ನಿಲ್ಲಸ್ರಿ. ನಾ ಬರೋತನಕ ಯಾರೂ ಹೊಟ್ಟಿ ಮುಟ್ಟಬಾರದು. ಒಳಗ ಗರ್ಭಕೋಶ ಹರೀತಂದ್ರ ನಾ ಬಂದೂ ಉಪಯೋಗಿಲ್ಲ. ಯಾರರೆ ಮುಂದ ಓಡಿ ಹೋಗಿ ಹೇಳ್ರಿ."

ಯಾರು ಓಡಬೇಕು? ಎತ್ತುಗಳು ನಿಂತಲ್ಲೇ ನಡುಗುತ್ತಿದ್ದವು. ಮಹಾದೇವಿ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ವ್ಯಂಗ್ಯದ ಎಳೆಯೂ ಇರಲಿಲ್ಲ. ಇದ್ದದ್ದು ಬರೀ ಭರವಸೆ. ಅದೇ ನನ್ನನ್ನು ಕೊಂದಿತು.

"ನೀವು ದಿನಾ ಹತ್ತು ಮೈಲು ಹೋಗಿ ಬರ್ತೀರಲ್ರಿ," ಎಂದಳು. "ನರೋಣಾ ಅಷ್ಟಽ ಅದ. ಒಂದು ತಾಸಿನಾಗ ಮುಟ್ಟತೀರಿ."

ಒಂದು ಬಾವಿ, ಒಂದು ಹುಣಸೆ ಮರ ನನ್ನ ಕಣ್ಣ ಮುಂದೆ ಬಂದವು. ಆದರೆ ಅದನ್ನೆಲ್ಲ ಬಿಡಿಸಿ ಹೇಳುವ ಹೊತ್ತು ಅದಲ್ಲ. ಜೊತೆಗಿರಲಿ ಎಂದು ವಕೀಲರ ಬಾಗಿಲಿಗೆ ಹೋದೆ. ಅವರು ಬಹಳ ಮರುಗಿದರು. ಬರುತ್ತಿದ್ದೆ, ಆದರೆ ಮುಂದಿನ ಗಾಲಿಯಲ್ಲಿ ಗಾಳಿ ಇಲ್ಲ ಎಂದರು. ಹೊರಡುವಾಗ ಸುಮ್ಮನೆ ಬೆರಳಿನಿಂದ ಒತ್ತಿ ನೋಡಿದೆ. ಕಲ್ಲಿನಂತಿತ್ತು.

ಊರು ಬಿಟ್ಟ ಮೇಲೆ ಸ್ವಲ್ಪ ದೂರ ಗರಸು ಹಾಕಿದ ಗಟ್ಟಿ ದಾರಿ. ನೀಲಮ್ಮನ ಮುಖ ನೆನೆಸಿಕೊಂಡು ಜೀವ ಬಿಟ್ಟು ತುಳಿದೆ. ಮೊದಲ ಏರಿನಲ್ಲೇ ಎದೆ ನಗಾರಿಯಂತೆ ಬಡಿಯತೊಡಗಿತು. ತಿಂದ ತುಪ್ಪವೆಲ್ಲ ಒಟ್ಟಿಗೆ ಗಂಟಲಿಗೆ ಬಂದಂತಾಯಿತು. ತಾಸಿಗೆ ಹತ್ತು ಮೈಲು ಎಂದರೆ ಏನು ಎಂಬುದು ಆ ಹೊತ್ತಿಗೆ ತಿಳಿಯಿತು. ಅದು ಮೇಲಿನಿಂದ ಕೆಳಗೆ ಬೀಳುವ ವಸ್ತುಗಳ ವೇಗವಿರಬೇಕು. ಎದುರಿನಿಂದ ಕಟ್ಟಿಗೆ ಹೊತ್ತು ಬರುತ್ತಿದ್ದ ಮುದುಕನೊಬ್ಬ ನನ್ನ ಮುಖ ನೋಡಿ ದಾರಿ ಬಿಟ್ಟು ಹೊಲಕ್ಕಿಳಿದ.

ಗರಸು ಮುಗಿದು ಎರೆಮಣ್ಣಿನ ಬಂಡಿಹಾದಿ ಬಂದಾಗ ನಿಜವಾದ ಕಷ್ಟ ಶುರುವಾಯಿತು. ಹಿಂದಿನ ರಾತ್ರಿ ಮಳೆಯಾಗಿತ್ತು. ನಮ್ಮ ಕಡೆಯ ಎರೆಮಣ್ಣು ಒಮ್ಮೆ ಹಸಿಯಾದರೆ ಹಿಡಿದದ್ದನ್ನು ಬಿಡುವುದಿಲ್ಲ. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಗಾಲಿ ತಿರುಗದಂತಾಯಿತು. ಇಳಿದು ಕಡ್ಡಿಯಿಂದ ಕೆದರುವುದು, ನಾಲ್ಕು ಮಾರು ದೂಡುವುದು, ಮತ್ತೆ ಕೆದರುವುದು. ಕೊನೆಗೆ ಸೈಕಲ್ಲನ್ನೇ ಹೆಗಲಿಗೇರಿಸಿ ನಡೆದೆ. ಅದನ್ನು ಯಾವುದಾದರೂ ಹೊಲದಲ್ಲಿ ಒಗೆದು ಬರಿಗೈಯಲ್ಲಿ ಓಡಬಹುದಿತ್ತು. ಯಾಕೆ ಓಡಲಿಲ್ಲ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಸೈಕಲ್ ಮೇಲೆ ಹೋಗಿ ಎಂದು ಕಳಿಸಿದ್ದಳು. ಸೈಕಲ್ಲಿನ ಕೆಳಗಾದರೂ ಹೋಗಬೇಕು ಎಂದು ಬುದ್ಧಿ ಹಟ ಹಿಡಿದಿತ್ತೋ ಏನೋ. ಒಂದೊಂದು ಹೆಜ್ಜೆಗೂ ಚಪ್ಪಲಿಗೆ ಅರ್ಧ ಸೇರು ಮಣ್ಣು ಅಂಟುತ್ತಿತ್ತು. ಒಂದು ಕಡೆ ಬೇವಿನ ನೆರಳಿತ್ತು. ಕೂತರೆ ಏಳಲಾರೆನೆಂದು ಅದರತ್ತ ನೋಡದೆ ದಾಟಿದೆ. ಕಿವಿಯಲ್ಲಿ ಒಂದೇ ಮಾತು: ಹೊಟ್ಟಿ ಒತ್ತಬ್ಯಾಡ್ರಿ. ತಲುಪಿದ ಕೂಡಲೇ ಹೇಳಬೇಕಾದ ಆ ಮಾತನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದೆ.

ನರೋಣಾ ಮುಟ್ಟಿದಾಗ ಹೊತ್ತು ಬಹಳ ಏರಿತ್ತು. ಮಾವನವರ ಅಂಗಳದಲ್ಲಿ ಸೈಕಲ್ ಬೀಳಿಸಿ ಬಾಯಿ ತೆರೆದೆ. ಮಾತು ಬರಲಿಲ್ಲ. ಒಳಗಿನಿಂದ ನೀಲಮ್ಮನ ನರಳಾಟ ಕೇಳುತ್ತಿದೆ, ನಾನು ಬಾಗಿಲ ಕಂಬ ಹಿಡಿದು ಮೀನಿನಂತೆ ಬಾಯಿ ಬಿಡುತ್ತಿದ್ದೇನೆ. ಹೊರಗೆ ಬಂದ ಅತ್ತೆಯವರು ನನ್ನನ್ನು ನೋಡಿದರು. ಮೈಯೆಲ್ಲ ಕೆಸರು. ಹಿಂದೆ ದಮಣಿಯಿಲ್ಲ, ಮಗನಿಲ್ಲ, ಮಗಳಿಲ್ಲ. ನಾನು ಬೇಡ ಬೇಡ ಎಂದು ಕೈ ಆಡಿಸಿದೆ. ಹಳ್ಳದಲ್ಲಿ ಬಂಡಿ ಕೊಚ್ಚಿ ಹೋಯಿತು ಎಂದು ಅವರು ತಿಳಿದುಕೊಂಡರು. ಗೋಡೆಗೆ ಕುಸಿದು ಕೂತು ಒಂದೇ ಸಮನೆ ಅಳತೊಡಗಿದರು. ಓಣಿಯ ಹೆಂಗಸರು ಕೂಡಿದರು. ನಾನು ನನ್ನ ಹೊಟ್ಟೆ ತೋರಿಸಿದೆ, ಕೈ ಅಲ್ಲಾಡಿಸಿದೆ, "ಹೊ... ಹೊಟ್ಟಿ" ಎಂದೆ. ಯಾರೋ ವಾಂತಿಭೇದಿ ಎಂದರು. ನಿಂತವರೆಲ್ಲ ಒಂದು ಮಾರು ಹಿಂದೆ ಸರಿದರು.

ಸರಿಯದವಳು ಒಬ್ಬಳೇ. ಗದ್ದಲ ಕೇಳಿ ಒಳಗಿನ ಕೆಲಸ ಬಿಟ್ಟು ಬಂದಿದ್ದ ಸೂಲಗಿತ್ತಿ ಭೀಮವ್ವ. ನನ್ನನ್ನು ಕಟ್ಟೆಯ ಮೇಲೆ ಅಂಗಾತ ಕೆಡವಿ, ಶೇರವಾನಿ ಬಿಚ್ಚಿ, ಹೊಟ್ಟೆ ಹೊರಳಿದೆ ಎಂದು ತೀರ್ಮಾನಿಸಿ, ಎರಡೂ ಅಂಗೈ ಊರಿ ಒತ್ತತೊಡಗಿದಳು. ಅಬ್ಬಾ, ಅವಳ ಕೈಗಳು. ನೀಲಮ್ಮ ನಸುಕಿನಿಂದ ತಿಂದ ನೋವು ಏನೆಂದು ಆಗ ಗೊತ್ತಾಯಿತು. ಆ ನೋವಿಗೇ ಇರಬೇಕು, ನನ್ನ ದನಿ ಹೊರಬಿತ್ತು.

"ಹೊಟ್ಟಿ ಒತ್ತಬ್ಯಾಡ!"

"ಆತ್ರೀ ಯಪ್ಪಾ, ಒತ್ತಂಗಿಲ್ಲ," ಎಂದು ಭೀಮವ್ವ ಕೈ ತೆಗೆದಳು.

"ನಂದಲ್ಲಬೇ, ನೀಲಮ್ಮಂದು," ಎಂದೆ. "ನರ್ಸಬಾಯಿ ಬರಾಕತ್ತಾರ. ಅಲ್ಲೀತನಕ ಯಾರೂ ಮುಟ್ಟಬ್ಯಾಡಂತ ಹೇಳಿ ಕಳಿಸ್ಯಾರ."

ಭೀಮವ್ವ ಸಿಟ್ಟಾಗುತ್ತಾಳೆ ಎಂದುಕೊಂಡೆ. ಆದರೆ ಅವಳು, ನನ್ನ ಕೈಯೂ ಸೋತಿತ್ತು, ಬೇರೆ ದಾರಿ ಕಾಣದೆ ಒತ್ತುತ್ತಿದ್ದೆ ಎಂದಳು. ಒಳಗೆ ಹೋಗಿ ನೀಲಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಳು. ಅತ್ತೆಯವರ ಅಳು ನಿಲ್ಲಿಸುವಷ್ಟರಲ್ಲಿ ಬೀದಿಯಲ್ಲಿ ಗೆಜ್ಜೆಯ ಸದ್ದಾಯಿತು. ದಮಣಿ ಬಂದೇಬಿಟ್ಟಿತು. ನಾನು ಎಷ್ಟು ಮುಂಚೆ ಮುಟ್ಟಿದ್ದೆ ಎಂಬುದು ಇದರಿಂದಲೇ ತಿಳಿಯುತ್ತದೆ.

ನರ್ಸಬಾಯಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲಿನ ಹೊತ್ತು ನನ್ನ ಸವಾರಿಗಿಂತ ಉದ್ದವಾಗಿತ್ತು. ಮಾವನವರು ಕೈಯಲ್ಲಿ ಇಷ್ಟಲಿಂಗ ಹಿಡಿದು ಕಣ್ಣು ಮುಚ್ಚಿ ಕೂತಿದ್ದರು. ಶರಣಪ್ಪ ಎತ್ತುಗಳ ಮೈ ತಿಕ್ಕಿದ್ದನ್ನೇ ತಿಕ್ಕುತ್ತಿದ್ದ. ನೀಲಮ್ಮನ ದನಿ ಒಮ್ಮೆ ಪೂರ್ತಿ ನಿಂತಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಬಹಳ ಹೊತ್ತಿನ ಮೇಲೆ ಬೆಕ್ಕಿನ ಮರಿಯಂಥ ಒಂದು ಸಣ್ಣ ಅಳು ಕೇಳಿತು. ಹೆಣ್ಣು ಕೂಸು. ತಾಯಿಯೂ ಉಳಿದಳು. ಕೂಸು ಅಡ್ಡ ತಿರುಗಿತ್ತು, ಇನ್ನಷ್ಟು ಒತ್ತಿದ್ದರೆ ಇಬ್ಬರೂ ದಕ್ಕುತ್ತಿರಲಿಲ್ಲ ಎಂದು ನರ್ಸಬಾಯಿ ಕೈ ತೊಳೆಯುತ್ತಾ ಹೇಳಿದರು.

ಸಂಜೆ ಮಹಾದೇವಿ ಕುಸುಬಿ ಎಣ್ಣೆ ಬಿಸಿ ಮಾಡಿ ತಂದು ನನ್ನ ಕಾಲಿಗೆ ತಿಕ್ಕಿದಳು. ದಾರಿ ಕೆಟ್ಟಿತ್ತು, ಇಲ್ಲದಿದ್ದರೆ ಎಂದು ನಾನು ಏನೋ ಹೇಳಹೊರಟೆ. ಅವಳು ತಲೆ ಎತ್ತಲಿಲ್ಲ.

"ಹಾದೀಗುಂಟ ಹಸಿ ಮಣ್ಣಿನಾಗ ನಿಮ್ಮ ಹೆಜ್ಜಿ ನೋಡ್ಕೋತ ಬಂದೆ," ಎಂದಳು. "ಗಾಲಿ ಗೆರಿ ಕಾಣಲಿಲ್ಲ. ಆದ್ರ ಎಲ್ಲೂ ಕೂತಿದ್ದೂ ಕಾಣಲಿಲ್ಲ."

ನನ್ನ ಸವಾರಿಯ ಬಗ್ಗೆ ನನಗೆ ಸಿಕ್ಕ ಒಂದೇ ಪ್ರಶಸ್ತಿ ಇದು. ಹತ್ತು ಮೈಲಿನ ಮಾತನ್ನು ಅವಳು ಮತ್ತೆಂದೂ ಎತ್ತಲಿಲ್ಲ. ತುಪ್ಪ ಮಾತ್ರ ಅರ್ಧ ಚಮಚಕ್ಕೆ ಇಳಿಯಿತು.

ಆಳಂದಕ್ಕೆ ಮರಳಿದಾಗ ವಕೀಲರು ಕಾಯುತ್ತಿದ್ದರು. ನಡೆದದ್ದನ್ನು ನಡೆದಂತೆ ಹೇಳಿದೆ. ಹೆಗಲ ಮೇಲಿನ ಸೈಕಲ್ಲನ್ನೂ ಬಿಡಲಿಲ್ಲ. ಅವರು ಮರುದಿನ ಸಂಜೆ ಸೈಕಲ್ ತರದೆ ಬೆಳ್ಳಿ ಕಟ್ಟಿನ ಬೆತ್ತ ಹಿಡಿದು ಬಂದು, ಮಾಸ್ತರ್ರ, ವಯಸ್ಸಿಗೆ ನಡಿಗೆಯೇ ಒಳ್ಳೆಯದಂತೆ ಎಂದರು. ನನಗೂ ಅದೇ ಬೇಕಾಗಿತ್ತು. ಮಾತಾಡುತ್ತಾ ಬಾವಿಯವರೆಗೆ ಹೋದೆವು. ಹುಣಸೆ ಮರದ ಗೋಜಿಗೆ ಹೋಗದೆ ತಿರುಗಿದೆವು. ಮನೆಯ ಹತ್ತಿರ ಬಂದಾಗ ಎದುರಾದ ಅಂಗಡಿಯವರೊಬ್ಬರು ಎಲ್ಲಿಯ ತನಕ ಹೋಗಿದ್ದಿರಿ ಎಂದು ಕೇಳಿದರು. ವಕೀಲರು ಬೆತ್ತ ಊರಿ ನಿಂತು, ನಾಲ್ಕು ಮೈಲಿಗೇನೂ ಕಮ್ಮಿಯಿಲ್ಲ ಎಂದರು. ನಾನು ಹಿಂದೆ ಮುಂದೆ ನೋಡಿದೆ. ಮಹಾದೇವಿ ಬಾಗಿಲಲ್ಲಿ ಇರಲಿಲ್ಲ.

ಐದು ಆಗಿರಬೇಕು ಎಂದೆ.