ಅರವತ್ತಕ್ಕ ನಡಗೋ ಗಾಡಿ

ಸುಂದ್ರವ್ವ: ಗಾಡಿ ಇಳಸ್ತೀರೋ, ನಾ ಇಲ್ಲಿಂದ ಬಸ್ ಹಿಡದು ಹುಕ್ಕೇರಿಗಿ ಹೋಗ್ಲೋ? ಒಂದ ಮಾತ ಹೇಳ್ರಿ.

ಸತ್ತೆಪ್ಪ: ಏರಿಸಿದ್ದನ್ನ ಇಳಸೂ ಮನಶ್ಯಾ ನಾ ಅಲ್ಲ.

ಗೋಕಾಕದಿಂದ ಘಟಪ್ರಭಾ ಕಡೆಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ವಿಠ್ಠಲನ ಗ್ಯಾರೇಜು. ಅದರ ಮುಂದೆ ಮಮದಾಪುರದ ಸತ್ತೆಪ್ಪಜ್ಜನ ಪಿಕಪ್ ನಿಂತಿತ್ತು. ನಿಂತಿತ್ತು ಅನ್ನುವುದಕ್ಕಿಂತ ಅಟ್ಟ ಹತ್ತಿ ಕೂತಿತ್ತು ಅನ್ನಬೇಕು. ಬಾಜೂ ಮನೆಯ ಆಬಾಸಾಹೇಬರು ಅದೇ ಬಣ್ಣದ, ಅದೇ ಅಳತೆಯ ಪಿಕಪ್ ತಂದ ದಿನದಿಂದ ಸತ್ತೆಪ್ಪನಿಗೆ ರೊಟ್ಟಿ ಸೇರಿರಲಿಲ್ಲ. ಹೋದ ತಿಂಗಳು ಇದೇ ವಿಠ್ಠಲನ ಕೈಯಿಂದ ಸ್ಪ್ರಿಂಗ್ ಪಾಟಾಗಳಿಗೆ ಕಬ್ಬಿಣದ ದಿಮ್ಮಿ ಕೊಡಿಸಿ, ದೊಡ್ಡ ಟೈರು ಹಾಕಿಸಿ, ಗಾಡಿಯನ್ನು ಗೇಣುದ್ದ ಎತ್ತರಿಸಿದ ಮೇಲೆಯೇ ಅವನು ಹೊಟ್ಟೆ ತುಂಬ ಉಂಡದ್ದು.

ಆದರೆ ಅಲ್ಲಿಂದಲೇ ಗಾಡಿಗೆ ರೋಗ ಅಂಟಿತು. ವೇಗ ಐವತ್ತರ ತನಕ ಪರಮ ಸಾಧು. ಅರವತ್ತು ಮುಟ್ಟಿತೋ, ಮೈಮೇಲೆ ದೇವರು ಬಂದವರ ಹಾಗೆ ನಡುಕ. ಆಬಾಸಾಹೇಬರ ಗಾಡಿಯನ್ನು ಹಿಂದೆ ಹಾಕಬೇಕೆಂದರೆ ಅರವತ್ತು ದಾಟಲೇಬೇಕು. ಸತ್ತೆಪ್ಪನ ಸಂಕಟ ಅದು. ಹೆಂಡತಿ ಸುಂದ್ರವ್ವನ ಸಂಕಟ ಬೇರೆ: ಹುಕ್ಕೇರಿಯಲ್ಲಿ ತಂಗಿ ಚನ್ನವ್ವನ ಮೊಮ್ಮಗಳು ವಿಜಯಶ್ರೀಯ ಸೀಮಂತದ ಕುಬಸ, ಇವತ್ತೇ ಮಧ್ಯಾಹ್ನ.

ವಿಠ್ಠಲ ಬೋರಲು ಹಾಕಿದ ಎಣ್ಣೆ ಡ್ರಮ್ಮಿನ ಮೇಲೆ ಕೂತು, ಕಣ್ಣು ಮುಚ್ಚಿ, ಚಹಾ ಹೀರುತ್ತ ರೋಗ ಪರೀಕ್ಷೆ ನಡೆಸಿದ್ದ.

ವಿಠ್ಠಲ: ಕಾಕಾ, ನಡುಕ ಎಲ್ಲಿ ಬರತೈತಿ? ಸ್ಟೇರಿಂಗದಾಗೋ, ಸೀಟಿನಾಗೋ?

ಸುಂದ್ರವ್ವ: ನನ್ನ ಬಾಯಾಗ. ಹೋದ ವಾರ ಅಂಕಲಗಿಗಿ ಹೋಗೂ ಮುಂದ ಹಲ್ಲಿನ ಸೆಟ್ಟ ಉಡ್ಯಾಗ ಬಿತ್ತು.

ಸತ್ತೆಪ್ಪ: ಸೀಟಿನಾಗ ಅಂತ ತಿಳ್ಕೊ.

ವಿಠ್ಠಲ: ಸ್ಟೇರಿಂಗ ಅಲುಗಿದ್ರ ಮುಂದಿನ ಗಾಲಿ, ಸೀಟ ಅಲುಗಿದ್ರ ಹಿಂದಿನ ಕಡಿ. ನನ್ನ ಕೇಳಿದ್ರ, ಇದು ರಸ್ತಾದ ತಪ್ಪು.

ಸುಂದ್ರವ್ವ: ಅದ ರಸ್ತಾದಾಗ ಆಬಾಸಾಹೇಬರ ಗಾಡಿ ತೊಟ್ಟಲ ತೂಗಿದಂಗ ಹೋಗತೈತಲ್ಲೋ?

ಸತ್ತೆಪ್ಪ: ಹಾಂ! ಈಗ ಬಂತ ನೋಡ ಖರೆ ಮಾತ. ಆಬಾನ ದೃಷ್ಟಿ! ಗಾಡಿ ಏರಿಸಿದ ದಿನಾ ಬಂದು ಬಗ್ಗಿ ಬಗ್ಗಿ ನೋಡ್ಯಾನ.

ಸುಂದ್ರವ್ವ: ಅವರ ಚಪ್ಪಲಿ ನಿಮ್ಮ ಗಾಡಿ ಕೆಳಗ ನಾಯಿ ಒಯ್ದಿತ್ರಿ. ನೀವ ಗಾಡಿ ಏರಿಸಿದ್ದ ತಪ್ಪು. ದಿಮ್ಮಿ ತಗೀರಿ, ನಡುಕ ಹೋಗತೈತಿ.

ವಿಠ್ಠಲ ತಟ್ಟನೆ ಕಣ್ಣು ತೆರೆದ.

ವಿಠ್ಠಲ: ದಿಮ್ಮಿದು ಏನೂ ತಪ್ಪಿಲ್ಲ ಕಾಕೂ.

ಸುಂದ್ರವ್ವ: ನೋಡದ ಹೆಂಗ ಹೇಳ್ತಿ?

ವಿಠ್ಠಲ: ಹಾಕಿದಾಂವ ನಾನ ಅಲ್ಲೇನ!

ಸತ್ತೆಪ್ಪ: ಈಕಿ ಮಾತ ಕೇಳಬ್ಯಾಡೋ. ನಡುಕಾ ಅಂದ್ರ ಬರೇ ಲುಕ್ಸಾನ ಅಲ್ಲ. ಮೊನ್ನಿ ಮೂಡಲಗಿಗಿ ಒಂದ ಕ್ಯಾನ ಮಸರ ಒಯ್ದೆ. ಮುಟ್ಟಿ ಮುಚ್ಚಳಾ ತಗದ್ರ, ಮ್ಯಾಲ ಬೆಣ್ಣಿ ಉಂಡಿ, ಕೆಳಗ ಮಜ್ಜಿಗಿ!

ಸುಂದ್ರವ್ವ: ಒಗ್ಗರಣಿನೂ ಬಿದ್ದಿತ್ತೇನ್ರಿ?

ಸತ್ತೆಪ್ಪ: ಕರಿಬೇವ ಅಷ್ಟ ಕಡಿಮಿ ಇತ್ತು. ಇನ್ನ ಎತ್ತರಾ ಅಂತೀಯೇನ, ಧುಪದಾಳದ ಹಂತೇಕ ಒಂದ ಎಮ್ಮಿ, ಹಿಂದ ಅದರ ಕರಾ, ಗಾಡಿ ಕೆಳಗಿಂದ ಹಾದ ಹೋದೂವು. ಕೋಡ ಸೈತ ತಾಗ್ಲಿಲ್ಲ. ಆ ಬಾಜೂ ಹೋಗಿ ಎಮ್ಮಿ ತಿರುಗಿ ನನಗ ಕುತ್ತಿಗಿ ಆಡಿಸ್ತು.

ಸುಂದ್ರವ್ವ: ಎಮ್ಮಿಗಿ ದಾರಿ ಆತು. ನನಗ ಹತ್ತಾಕ ದಾರಿ ಆಗ್ಲಿಲ್ಲ. ಮನಿ ಕಟ್ಟಿಗಿ ಗಾಡಿ ಹಚ್ಚಿ ನಿಲ್ಲಿಸಿದ್ರ ಅಷ್ಟ ಹತ್ತತೇನಿ. ಹುಕ್ಕೇರ್ಯಾಗ ಕಟ್ಟಿ ಎಲ್ಲೈತಿ?

ಈ ಪ್ರಶ್ನೆ ತನಗಲ್ಲ ಎಂಬಂತೆ ಸತ್ತೆಪ್ಪ ಟೈರಿಗೆ ಒದ್ದ. ವಿಠ್ಠಲ ಮನಸ್ಸಿಲ್ಲದ ಮನಸ್ಸಿನಿಂದ ಎದ್ದ. ಹಿಂದಿನ ಗಾಲಿ ಮುಂದೆ ಹಾಕಿ, ಮುಂದಿನವನ್ನು ಹಿಂದೆ ಹಾಕಿ, ಸತ್ತೆಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ರಸ್ತೆಗಿಳಿದ. ಅರವತ್ತಕ್ಕೆ ಗಾಡಿ ಮತ್ತೆ ಗದಗದ. ವಿಠ್ಠಲ ನ್ಯೂಟ್ರಲ್ ಮಾಡಿದ. ಇಂಜಿನ್ ಸುಮ್ಮನಾಯಿತು, ನಡುಕ ಸುಮ್ಮನಾಗಲಿಲ್ಲ.

ವಿಠ್ಠಲ (ತಿರುಗಿ ಬಂದು): ಗಾಲಿ ಅಲ್ಲ. ಇಂಜಿನ್ನೂ ಅಲ್ಲ. ಗೇರಿನಿಂದ ಹಿಂದಿನ ಗಾಲಿ ತನಕಾ ಉದ್ದಕ ಒಂದ ಶಾಫ್ಟ್ ತಿರುಗತೈತಲ್ಲ, ಅದರ ತೂಕ ತಪ್ಪೈತಿ. ಕಾಕೂ, ವಾಶಿಂಗ್ ಮಶೀನದಾಗ ಒದ್ದಿ ಕೌದಿ ಒಂದ ಮಗ್ಗಲಕ್ಕ ಕುಂತ್ರ ಮಶೀನ ಹೆಂಗ ಕುಣೀತೈತಿ? ಹಂಗ.

ಸುಂದ್ರವ್ವ: ಶಾಫ್ಟಿಗಿ ಕೌದಿ ಯಾರ ಹೊಚ್ಯಾರೋ?

ವಿಠ್ಠಲ: ಅದನ್ನ ನೋಡಬೇಕಲ್ಲ.

ಜಾಕ್ ಬೇಕಾಗಲಿಲ್ಲ. ವಿಠ್ಠಲ ಕುಕ್ಕರಗಾಲಲ್ಲೇ ಗಾಡಿಯ ಕೆಳಗೆ ನಡೆದು ಹೋದ.

ವಿಠ್ಠಲ (ಕೆಳಗಿನಿಂದ): ಕಾಕಾ, ಕುದುರಿ ಎಲ್ಲಿ ಹೋತ್ರಿ?

ಸತ್ತೆಪ್ಪ: ಯಾವ ಕುದುರಿ?

ವಿಠ್ಠಲ: ನಾಲಾ ಇಲ್ಲೈತಿ. ಕುದುರಿ ಕಾಣವಲ್ದು.

ಸತ್ತೆಪ್ಪ ತಲೆ ತೂರಿಸಿ ನೋಡಿದ. ಶಾಫ್ಟಿನ ನಟ್ಟನಡುವೆ ಒಂದು ತುಕ್ಕು ಹಿಡಿದ ಕುದುರೆ ನಾಲ, ಬಿಗಿಯಾಗಿ ಬೆಸುಗೆ ಹಾಕಿಸಿಕೊಂಡು ಕೂತಿತ್ತು. ಅದಕ್ಕೆ ಅರಿಶಿಣ, ಕುಂಕುಮ ಬೇರೆ.

ಸತ್ತೆಪ್ಪ: ಮಾಟಾ! ಆಬಾ ಮಾಡಿಸ್ಯಾನ! ನಡೀರಿ ಸ್ಟೇಶನಕ್ಕ! ನಾ ಹೇಳ್ಲಿಲ್ಲಾ?

ಸುಂದ್ರವ್ವ ಸೆರಗು ಸರಿ ಮಾಡಿಕೊಂಡಳು. ರಸ್ತೆಯಾಚೆಯ ಕಬ್ಬಿನ ಗದ್ದೆಯಲ್ಲಿ ಕಣ್ಣಲ್ಲೇ ಏನೋ ಹುಡುಕಿದಳು.

ಸುಂದ್ರವ್ವ: ಅದನ್ನ ಮಾಟಾ ಅನ್ನಬ್ಯಾಡ್ರಿ.

ಸತ್ತೆಪ್ಪ: ಮತ್ತೇನ ಅನ್ಲಿ?

ಸುಂದ್ರವ್ವ: ನಾ ಹಾಕಿಸಿದ್ದದು.

ಸತ್ತೆಪ್ಪ: ನೀ?

ಸುಂದ್ರವ್ವ: ಗಾಡಿ ಏರಿಸಿ ಬಂದ ಮರುದಿನಾ ನೀವ ಮಕ್ಕೊಂಡಾಗ ವೆಲ್ಡಿಂಗ ಸೋಮಲಿಂಗನ್ನ ಕರದು ಹಾಕಿಸಿದೆ. ಎಲ್ಲಾರೂ ನಾಲಾ ಮುಂದ ಹೊಡೀತಾರ. ಅವರ ಗಾಡಿದು ಮಾರಿ ಅಷ್ಟ ಕಾಣತೈತಿ. ನಮ್ಮದು ಏರಿಸಿದಮ್ಯಾಲ ಹೊಟ್ಟಿ, ಕರಳ, ಎಲ್ಲಾ ಊರಿಗಿ ಕಾಣಾಕತ್ತಿತ್ತು. ದೃಷ್ಟಿ ಅಲ್ಲೇ ಬೀಳತೈತಿಲ್ಲೊ?

ವಿಠ್ಠಲ: ಖರೆ ಐತಿ ಕಾಕೂ. ಆದ್ರ ತಿರುಗೂ ಶಾಫ್ಟಿಗೇ ಯಾಕ?

ಸುಂದ್ರವ್ವ: ಒಂದ ಕಡಿ ಹೊಡದ್ರ ಒಂದ ಕಡಿ ಅಷ್ಟ ಕಾಯತೈತಿ. ಇದು ತಿರುಗತೈತಿ, ನಾಕೂ ದಿಕ್ಕ ಕಾಯ್ಲಿ ಅಂತ.

ಇಷ್ಟು ವರ್ಷದ ಗ್ಯಾರೇಜಿನಲ್ಲಿ ಇಂಥ ಯೋಚನೆ ತನಗೇಕೆ ಹೊಳೆಯಲಿಲ್ಲ ಎಂದು ವಿಠ್ಠಲನ ಮುಖ ಹೇಳುತ್ತಿತ್ತು. ಸತ್ತೆಪ್ಪ ಮಾತ್ರ ಮೀಸೆ ತಿರುವಿದ. ತಿಂಗಳಿಡೀ ಕೇಳಿದ ಬೈಗುಳಕ್ಕೆ ಇವತ್ತು ಬಡ್ಡಿ ಬಂದಿತ್ತು.

ಸತ್ತೆಪ್ಪ: ಕೇಳ್ದ್ಯಾ ವಿಠ್ಠಲ? ಎತ್ತರದ್ದ ತಪ್ಪಿಲ್ಲ! ಇನ್ನ ಮ್ಯಾಲ ಯಾರರೇ ಇಳಸ್ರಿ ಅಂದ್ರ ನೋಡ!

ವಿಠ್ಠಲ ಕಿಡಿ ಹಾರಿಸುತ್ತ ನಾಲ ಕತ್ತರಿಸಿ, ಉಳಿದದ್ದನ್ನು ಉಜ್ಜಿ ನುಣುಪು ಮಾಡಿದ. ಸತ್ತೆಪ್ಪ ಒಬ್ಬನೇ ಒಂದು ಸುತ್ತು ಹೊಡೆದು ಬಂದ.

ಸತ್ತೆಪ್ಪ (ಕಿಟಕಿಯಿಂದ): ಎಪ್ಪತ್ತಕ್ಕ ಹೊಡದೇನಿ! ಒಂದ ನೊಣಾ ಗಾಜಿನ ಮ್ಯಾಲ ನಿದ್ದಿ ಮಾಡಾಕತ್ತಿತ್ತು, ತಿರುಗಿ ಬಂದ್ರೂ ಎದ್ದಿಲ್ಲ! ಹತ್ತ ಇನ್ನ, ಹುಕ್ಕೇರಿಗಿ ಹಾರಿಸಿ ಒಯ್ತೇನಿ.

ಸುಂದ್ರವ್ವ ಬಾಗಿಲನ್ನು ನೋಡಿದಳು. ಬಾಗಿಲು ಅವಳ ಎದೆಯ ಮಟ್ಟಕ್ಕಿತ್ತು.

ವಿಠ್ಠಲ: ಡ್ರಮ್ಮ ಇಡ್ಲೇನ್ರಿ ಕಾಕೂ?

ಸುಂದ್ರವ್ವ: ಇಳಕಲ್ ಸೀರಿ ಉಟ್ಕೊಂಡು ಎಣ್ಣಿ ಡ್ರಮ್ಮ ಹತ್ಲೇನೋ? ಹುಕ್ಕೇರ್ಯಾಗ ಬೀಗರ ಮುಂದ ಜಿಗೀಲೇನ? ಏನ್ರಿ, ಕಡೀ ಮಾತ. ಇಳಸ್ತೀರಿಲ್ಲೊ?

ಸತ್ತೆಪ್ಪ: ಇಳಸೂದಿಲ್ಲ.

ಆಗ ರಸ್ತೆಯ ಬದಿಗೆ ಅದೇ ಬಣ್ಣದ ಇನ್ನೊಂದು ಪಿಕಪ್ ಬಂದು ನಿಂತಿತು. ಆಬಾಸಾಹೇಬರು ತಲೆ ಹೊರಹಾಕಿದರು.

ಆಬಾಸಾಹೇಬ: ಯಾಕ್ರಿ ಸುಂದ್ರಕ್ಕ, ಬಿಸಲಾಗ ನಿಂತೀರಿ? ನಾ ಹುಕ್ಕೇರಿಗಿ ಹೊಂಟೇನಿ, ಬರ್ತೀರೇನ?

ಸುಂದ್ರವ್ವ ಒಂದು ಕೈಯಲ್ಲಿ ನಿರಿಗೆ ಹಿಡಿದಳು, ಇನ್ನೊಂದು ಕೈಯಲ್ಲಿ ಬಿಸಿ ಆರಿದ ನಾಲ. ಮನೆಯ ಹೊಸ್ತಿಲು ದಾಟಿದಷ್ಟು ಸಲೀಸಾಗಿ ಹತ್ತಿ ಕೂತಳು.

ಸುಂದ್ರವ್ವ: ಆಬಾ, ಈ ನಾಲಾ ನಿಮ್ಮ ಗಾಡ್ಯಾಗ ಇರ್ಲಿ.

ಆಬಾಸಾಹೇಬ: ಯಾಕವಾ?

ಸುಂದ್ರವ್ವ: ನಮ್ಮ ಮನ್ಯಾವರು ನೋಡಾಕತ್ತಾರ.

ಆಬಾಸಾಹೇಬರ ಗಾಡಿ ತೊಟ್ಟಿಲು ತೂಗಿದಂತೆ ಸಾಗಿತು. ಸತ್ತೆಪ್ಪ ಅದು ತಿರುವಿನಲ್ಲಿ ಮರೆಯಾಗುವ ತನಕ ತನ್ನ ಎತ್ತರದಿಂದ ನೋಡಿದ. ಎತ್ತರವಿದ್ದುದರಿಂದ ಬಹಳ ದೂರದ ತನಕ ಕಂಡಿತು. ಆಮೇಲೆ ಬಾಗಿಲು ಹಿಡಿದು, ಜಾರಿ, ನೆಲಕ್ಕಿಳಿದ.

ಸತ್ತೆಪ್ಪ: ವಿಠ್ಠಲಾ, ಗಾಡಿ ಇಳಸೋ.

ವಿಠ್ಠಲ: ಕಂಪನಿ ಕೊಟ್ಟಷ್ಟಕ್ಕ ತರ್ಲೇನ್ರಿ ಕಾಕಾ?

ಸತ್ತೆಪ್ಪ: ಅಷ್ಟ ಸಾಲೂದಿಲ್ಲ. ಆಬಾಂದಕ್ಕಿಂತ ನಾಕ ಬಟ್ಟ ಕೆಳಗ ಹೋಗಬೇಕ.