ಹನ್ನೆರಡು ಮರಿಗಳ ಹೊಸ ಮನೆ

ಮಗಳು ಮೌನೇಶ್ವರಿ ಹೆರಿಗೆಗೆಂದು ತವರಿಗೆ ಬರುವ ದಿನ, ಶಹಾಪುರದ ನಾಗಣ್ಣನ ಒಳಕೋಣೆಯಲ್ಲಿ ಹನ್ನೆರಡು ಕೋಳಿಮರಿಗಳು ಬಲ್ಬಿನ ಕೆಳಗೆ ಬೀಗರಂತೆ ಕಾಲು ಚಾಚಿ ಮಲಗಿದ್ದವು.

ಹತ್ತಿ ಮಿಲ್ಲಿನ ಕಾವಲುಗಾರ ನಾಗಣ್ಣ ಅವನ್ನು ಒಂದು ದಿನದ ಮರಿಗಳಿದ್ದಾಗ ತಂದು ನಲವತ್ತು ದಿನ ಸಾಕಿದ್ದ. ತಾಯಿಕೋಳಿ ಇಲ್ಲದ ಅವಕ್ಕೆ ಅವನೇ ತಾಯಿ.

"ಸಂಜೀ ಬಸ್ಸಿಗಿ ಹುಡುಗಿ ಬರ್ತಾಳ," ಎಂದಳು ಹೆಂಡತಿ ಅಯ್ಯಮ್ಮ. "ಬಸುರಿ ಹೆಂಗಸು ಈ ವಾಸನ್ಯಾಗ ಮಲಗಬೇಕೇನು? ಇವತ್ತ ಮರಿ ಹೊರಗ ಹೋಗ್ಬೇಕು, ಇಲ್ಲಾಂದ್ರ ಸಾರಿನ್ಯಾಗ!"

"ಥಂಡಿ ಭಾಳ ಅದಲ್ಲ..."

"ನಿಮ್ಮ ತಲಿ ಮ್ಯಾಲಿನ ಕೂದಲಕಿಂತ ಹೆಚ್ಚಿಗಿ ಪುಕ್ಕ ಬಂದಾವ ಅವಕ್ಕ!"

ನಾಗಣ್ಣ ರಜೆ ಹಾಕಿ ಅಂಗಳದಲ್ಲಿ ಗೂಡು ಕಟ್ಟತೊಡಗಿದ. ಹಳೆಯ ಹಲಗೆ, ಮೇಲೆ ತಗಡು, ಒಳಗೆ ಹಾಸಲು ಜೋಳದ ಕಣಕಿ. ಎದುರುಮನೆಯ ಲಕ್ಷ್ಮಿಕಾಂತ ಮೊಬೈಲಿನಲ್ಲಿ ಕೋಳಿ ಸಾಕಣೆಯ ವಿಡಿಯೊ ನೋಡುತ್ತ ಬಂದ.

"ಸಂದು ಬಿಡಬ್ಯಾಡ್ರಿ ನಾಗಣ್ಣಾ. ಗಾಳಿ ಹೊಕ್ಕರ ಮುಗೀತು."

ನಾಗಣ್ಣ ಸಂದುಗಳಿಗೆಲ್ಲ ಗೋಣಿಚೀಲ ತುರುಕಿದ. ತನ್ನ ಕೋಳಿಗಳಿಗೆ ಕಾಳು ಹಾಕುತ್ತಿದ್ದ ಪಕ್ಕದ ಮನೆಯ ಹುಸೇನಬೀ ಗೋಡೆಯಾಚೆಯಿಂದ ಇಣುಕಿದಳು. "ಯಾ ಅಲ್ಲಾ! ಉಸುರು ಕಟ್ಟಿ ಸಾಯ್ತಾವಲ್ರೀ!"

ನಾಗಣ್ಣ ಅರ್ಧದಷ್ಟು ಚೀಲ ಕಿತ್ತ. ಹಾಗಾದರೆ ಒಳಗೆ ಬಲ್ಬು ಬೇಕೇ ಬೇಕೆಂದ ಲಕ್ಷ್ಮಿಕಾಂತ. ನಾಗಣ್ಣ ಕಿಟಕಿಯಿಂದ ವೈರು ಎಳೆದು ಗುಂಡಿ ಒತ್ತಿದ್ದೇ ತಡ, ಫಟ್ಟೆಂದು ಮೂರೂ ಮನೆಗಳ ಕರೆಂಟು ಹೋಯಿತು. ಹುಸೇನಬೀಯ ಮಿಕ್ಸಿಯಲ್ಲಿ ಮಸಾಲೆ ಅರ್ಧಕ್ಕೇ ನಿಂತಿತು. ಅವಳ ಬಾಯಿ ಮಾತ್ರ ನಿಲ್ಲಲಿಲ್ಲ. ಫ್ಯೂಸು ಕಟ್ಟಿ ಬಲ್ಬಿನ ಆಸೆ ಬಿಡುವಷ್ಟರಲ್ಲಿ ಮಧ್ಯಾಹ್ನವಾಯಿತು.

ಮರಿಗಳನ್ನು ಹೊರಗೆ ಬಿಟ್ಟರೆ ಹನ್ನೆರಡೂ ಬಂದು ಅವನ ಪಾದದ ಮೇಲೆ ಕುಳಿತವು. ಗೂಡಿಗೆ ಹಾಕಿದರೆ ಹಿಂದೆಯೇ ಓಡಿ ಬಂದವು. ಕೊನೆಗೆ ದಾರಿ ತೋರಿಸಲೆಂದು ತಾನೇ ಬಗ್ಗಿ ಗೂಡಿನೊಳಗೆ ತೂರಿದ. ಮರಿಗಳು ಸಂತೋಷದಿಂದ ಹಿಂಬಾಲಿಸಿದವು. ಮೂರು ಅವನ ಬೆನ್ನೇರಿದವು. ಹೊಕ್ಕವನಿಗೆ ಹೊರಬರಲಾಗಲಿಲ್ಲ. ಅಂಗಳಕ್ಕೆ ಅವನ ಎರಡು ಕಾಲು ಮಾತ್ರ ಕಾಣುತ್ತಿದ್ದವು.

"ನಾಗಣ್ಣಾ, ಕಾವಿಗಿ ಕುಂತೀರೇನು?" ಎಂದಳು ಹುಸೇನಬೀ.

ಲಕ್ಷ್ಮಿಕಾಂತ ಕಾಲು ಹಿಡಿದು ಎಳೆದ. ಅಂಗಿಯ ಬೆನ್ನು ಗೂಡಿನಲ್ಲೇ ಉಳಿಯಿತು. ಮರಿಗಳು ಮಾತ್ರ ಕಣಕಿ ಕೆದರುತ್ತ ಆಟಕ್ಕಿಳಿದಿದ್ದವು. ಇಳಿಬಿಸಿಲಲ್ಲಿ ಅವನ್ನು ನೋಡುತ್ತ ನಾಗಣ್ಣನಿಗೆ ಕಣ್ಣು ತುಂಬಿತು. ಮಗಳನ್ನು ಗಂಡನ ಮನೆಗೆ ಕಳಿಸಿದ ದಿನವೂ ಹೀಗೇ ಆಗಿತ್ತು.

"ಬಸ್ಸಿನ ಹೊತ್ತಾತು, ಹೋಗ್ರಿ," ಎಂದಳು ಹುಸೇನಬೀ. "ಗೂಡಿನ ಬಾಗಿಲಾ ತೆರದಿಡ್ರಿ. ಹೊತ್ತು ಮುಳುಗಿದ್ರ ಕೋಳಿ ತಾವೇ ಮನಿ ಸೇರ್ತಾವ."

ಸುರಪುರದ ಬಸ್ಸು ತಡವಾಯಿತು. ಮಗಳೊಂದಿಗೆ ಬರುವಾಗ ಮುಸ್ಸಂಜೆ, ಚಳಿಗಾಳಿ. ನಾಗಣ್ಣ ಚೀಲ ಇಳಿಸದೆ ಗೂಡಿಗೆ ಓಡಿದ. ಒಳಗಿನಿಂದ ಕೊಕ್ ಕೊಕ್ ಸದ್ದು ಕೇಳಿ ಜೀವ ಬಂತು. ಹೆಮ್ಮೆಯಿಂದ ಬಾಗಿಲಿಗೆ ಇಳಿಬಿದ್ದ ಗೋಣಿ ಎತ್ತಿ ಮಗಳಿಗೆ ತೋರಿಸಿದ.

ಹುಸೇನಬೀಯ ಹುಂಜ, ಸಾಲ ಮಂಜೂರಾದವನ ಹಾಗೆ ಎದೆಯುಬ್ಬಿಸಿ ಕುಳಿತಿತ್ತು. ಸುತ್ತ ಅವಳ ನಾಲ್ಕು ಹೇಂಟೆಗಳು. ಮರಿ ಒಂದೂ ಇಲ್ಲ.

"ಬೆಕ್ಕು ಹಿಡೀತು! ಥಂಡಿಗಿ ಎಲ್ಲಿ ಬಿದ್ದಾವೋ!" ನಾಗಣ್ಣ ಬೇಲಿ, ಬಚ್ಚಲು, ಕಟ್ಟಿಗೆಯ ರಾಶಿ ಎಲ್ಲ ತಡಕಾಡಿದ.

"ಅಪ್ಪಾ, ಒಳಗ ಬಾ," ಮೌನೇಶ್ವರಿ ಕೂಗಿದಳು.

ಒಳಕೋಣೆಯಲ್ಲಿ ಅವಳಿಗೆಂದು ಹಾಸಿದ ಹೊಸ ಕೌದಿಯ ಮೇಲೆ ಹನ್ನೆರಡೂ ಒತ್ತಾಗಿ ಮಲಗಿದ್ದವು. ಅಯ್ಯಮ್ಮ ಕಸಬರಿಗೆ ಎತ್ತಿದಳು. ಮಗಳು ಅಡ್ಡ ಕುಳಿತಳು. ಒಂದು ಮರಿ ನಿದ್ದೆಗಣ್ಣಲ್ಲೇ ಅವಳ ತೊಡೆಯೇರಿತು.

"ಬ್ಯಾಡವ್ವಾ. ಅವೂ ತವರಿಗಿ ಬಂದಾವ, ನನ್ನಂಗ. ಬಂದವರನ್ನ ಹೊತ್ತು ಮುಳುಗಿದ ಮ್ಯಾಲ ಹೊರಗ ಹಾಕ್ತಾರೇನು?"

ಕಸಬರಿಗೆ ತಾನಾಗಿ ಇಳಿಯಿತು. ಮಗಳ ಹಾಸಿಗೆ ನಡುಮನೆಯಲ್ಲಿ ತಾಯಿಯ ಪಕ್ಕಕ್ಕೆ ಬಂತು. ನಡುಮನೆಯಲ್ಲಿದ್ದ ನಾಗಣ್ಣನ ಮಂಚ ಅಂಗಳಕ್ಕೆ ಹೋಯಿತು, ಗೂಡಿನ ಮಗ್ಗುಲಿಗೆ.

ಹಲ್ಲು ಕಟಕಟಿಸುತ್ತ ಅವನು ಮಂಚ ಸರಿಮಾಡುತ್ತಿದ್ದಾಗ ಗೋಡೆಯ ಮೇಲೆ ಹುಸೇನಬೀಯ ತಲೆ ಕಾಣಿಸಿತು.

"ನಾಗಣ್ಣಾ, ಗೊರಕಿ ಹೊಡೀಬ್ಯಾಡ್ರಿ ಮತ್ತ. ನಮ್ಮ ಕೋಳಿ ಬೆಚ್ಚಿದ್ರ ನಾಳಿ ತತ್ತಿ ಹಾಕಂಗಿಲ್ಲ."