ರಷ್ಯಾದಲ್ಲಿದ್ದ ನನ್ನ ಸವತಿ

ಬೇರೆ ಹೆಂಗಸರ ಸವತಿಯರು ಪರಿಗಿಯಲ್ಲೋ ಕಂಬದೂರಲ್ಲೋ ಇರುತ್ತಾರೆ. ಬಸ್ಸು ಹತ್ತಿ ಹೋಗಿ ಜುಟ್ಟು ಹಿಡಿದು ಕೇಳಬಹುದು. ನನ್ನ ಸವತಿ ಇದ್ದದ್ದು ರಷ್ಯಾದಲ್ಲಿ! ಹಿಂದೂಪುರದ ಬಸ್ ಸ್ಟ್ಯಾಂಡಿನಲ್ಲಿ ನಾನು ಯಾವ ಬಸ್ಸು ಹತ್ತಲಿ, ಹೇಳಿ?

ನನ್ನ ಗಂಡ ಸೀರೆ ನೇಯುವವರು. ಎಪ್ಪತ್ತರ ದಶಕದಲ್ಲಿ ನಯವಾದ ಹಾಳೆಯ ರಷ್ಯಾ ಪತ್ರಿಕೆಯೊಂದು ತೆಲುಗಿನಲ್ಲಿ ಬರುತ್ತಿತ್ತು. ಅದರಲ್ಲಿ ಒಬ್ಬ ಬ್ಯಾಲೆ ನರ್ತಕಿಯ ಫೋಟೋ ಕಂಡದ್ದೇ ತಡ, ಯಜಮಾನರು ಕೈತಪ್ಪಿದರು. ಮಗ್ಗದ ಎದುರಿನ ಗೋಡೆಯಲ್ಲಿ ವೆಂಕಟರಮಣನ ಪಕ್ಕದಲ್ಲೇ ಅವಳು! ಮೈಮೇಲಿದ್ದದ್ದು ಬಟ್ಟೆಯೋ, ಸೊಳ್ಳೆ ಪರದೆಯೋ!

"ಸಂಸಾರಸ್ಥರ ಮನೇಲಿ ಇದೇನ್ರೀ ಅವತಾರ?" ಎಂದೆ.

"ಅಷ್ಟೆತ್ತರ ಹಾರಿ ಬೆಕ್ಕಿನಂಗೆ ಸದ್ದಿಲ್ದೆ ಇಳೀತಾಳಂತೆ ಕಣೇ! ನೀನು ನಡೆದ್ರೆ ಪಾತ್ರೆ ಉರುಳ್ತವೆ."

ಅಂದು ಪಾತ್ರೆಗಳು ನಿಜಕ್ಕೂ ಉರುಳಿದವು. ಅತ್ತೆಗೆ ದೂರು ಕೊಟ್ಟರೆ, "ಬಿಡಮ್ಮಿ, ಪಟ ಏನ್ ಮುದ್ದೆ ಕೇಳ್ತದಾ?" ಎಂದು ಎಲೆಅಡಿಕೆ ಹಾಕಿಕೊಂಡರು.

ಪಟ ಮುದ್ದೆ ಕೇಳಲಿಲ್ಲ, ಪಾಯಸ ಕೇಳಿತು! ಅವಳು ನೃತ್ಯದ ಗುಂಪಿನ ಕೊನೆಯ ಸಾಲಿನಿಂದ ಮುಂದಕ್ಕೆ ಬಂದಳೆಂದು ಪತ್ರಿಕೆಯಲ್ಲಿ ಓದಿದಾಗ ಪಾಯಸ. ರಾಜಕುಮಾರಿಯ ಪಾತ್ರ ಸಿಕ್ಕಾಗ ಪಾಯಸ. ಸವತಿಯ ಬಡ್ತಿಗೆ ಶ್ಯಾವಿಗೆ ಹುರಿಯುವವಳು ನಾನು!

ಆಮೇಲೆ ಸೀರೆಯ ಸೆರಗಿನಲ್ಲಿ ನವಿಲು ಹೋಗಿ ಅವಳು ಬಂದಳು. ಕಲ್ಯಾಣದುರ್ಗದ ಸಾಹುಕಾರರು ಬಿಡಿಸಿ ನೋಡಿ, "ಏಮಪ್ಪಾ ಇದಿ, ಕೊಂಗಾ?" ಎಂದು ವಾಪಸ್ ಕೊಟ್ಟರು. ಕೊಕ್ಕರೆ ಅನ್ನಿಸಿಕೊಂಡದ್ದು ಅವಳು, ಖುಷಿ ನನಗೆ! ಆದರೆ ಮಾರದ ಸೀರೆ ಯಾರು ಉಡಬೇಕು? ಸವತಿಯನ್ನು ಹೆಗಲ ಮೇಲೆ ಹೊತ್ತು ಮದುವೆಮನೆಗೆ ಹೋದವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ವರ್ಷಗಳು ಉರುಳಿದವು. ಒಂದು ಸಂಜೆ ಪತ್ರಿಕೆ ಹಿಡಿದು ಕುಳಿತ ಇವರು ಊಟಕ್ಕೇ ಏಳಲಿಲ್ಲ.

"ಏನಾಯ್ತು ನಿಮ್ಮ ಅರಗಿಣಿಗೆ?"

"ಮಂಡಿ ಹೋಯ್ತಂತೆ ಕಣೇ. ಬ್ಯಾಲೆ ಬಿಟ್ಬುಟ್ಟವ್ಳೆ. ಇನ್ಮ್ಯಾಲೆ ಹಾಡು ಇರೋ ನಾಟಕದಾಗೆ ಪಾರ್ಟು ಮಾಡ್ತಾಳಂತೆ. ಈ ವಯಸ್ನಾಗೆ ಹಾಡು ಕಲ್ತವ್ಳೆ!"

ನನಗೆ ಒಳಗೊಳಗೇ ಹೋಳಿಗೆ ತಿಂದಷ್ಟು ಸಂತೋಷ. "ನಮ್ಮೂರ ನಾಟಕದೋರೂ ಹಾಡ್ತಾರೆ ಬಿಡಿ!" ಎಂದು ಪತ್ರಿಕೆ ಕಿತ್ತುಕೊಂಡೆ. ಮುಖ ಎಷ್ಟು ಮುದಿಯಾಗಿದೆ ನೋಡುವ ಆಸೆ!

ಕಣ್ಣು ಮುಖದವರೆಗೆ ಹೋಗಲೇ ಇಲ್ಲ. ಫೋಟೋದಲ್ಲಿ ಅವಳು ಕೊನೆಯ ಬ್ಯಾಲೆ ಮುಗಿಸಿ, ಬೂಟು ಕಳಚಿ ಸ್ಟೂಲಿನ ಮೇಲೆ ಕುಳಿತಿದ್ದಳು. ಕಾಲ್ಬೆರಳುಗಳು ಒಂದರ ಮೇಲೊಂದು ಹತ್ತಿ ಸೊಟ್ಟಗಾಗಿದ್ದವು. ಉಗುರು ಕಪ್ಪಿಟ್ಟಿತ್ತು. ಹಿಮ್ಮಡಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಎದುರಿಗೆ ಇವರೂ ಕಾಲು ಚಾಚಿದ್ದರು, ದಿನವಿಡೀ ಮಗ್ಗ ತುಳಿದು ಗಂಟುಬಿದ್ದ ಕಾಲು.

"ಅಯ್ಯೋ, ಹರಳೆಣ್ಣೆ ಹಚ್ಚಿ ಬಿಸಿನೀರ್ನಾಗೆ ಕಾಲಿಟ್ಕೊಳ್ಳಮ್ಮ ಅಂತ ಹೇಳೋರು ಯಾರೂ ಇಲ್ವೇನ್ರೀ ಆಕೆಗೆ?" ಎಂದುಬಿಟ್ಟೆ.

ಇವರು ನನ್ನನ್ನೇ ನೋಡಿದರು. ನಾನು ಎದ್ದು ಒಲೆಯ ಮೇಲೆ ನೀರಿಟ್ಟೆ. ಆಕೆಗಂತೂ ತಲುಪಿಸಲಾರೆ, ಇವರಿಗಾದರೂ ಆಗಲಿ.